ಉಲ್ಗೋರ್‌ಗೆ ಮುಂಚಿನ ಹದಿನೈದು ವರ್ಷ: ಮೊಂಡ್ರಾಗೋನ್‌ನ ಕಿರಿಯ ಪಾದ್ರಿಯ ಕೆಲಸ ಕುರಿತು ಒಂದು ಟಿಪ್ಪಣಿ

ಸಹಕಾರ ಚಳವಳಿಯ ಚರ್ಚೆ ಬಂದಲ್ಲೆಲ್ಲ ಸ್ಪೇನಿನ ಮೊಂಡ್ರಾಗೋನ್ ಊರಿನ ಹೆಸರು ಬಂದೇ ಬರುತ್ತದೆ. ದುಡಿಯುವವರೇ ಮಾಲೀಕರಾದ ಸುಮಾರು 80 ಸಹಕಾರಿಗಳು, ಅವುಗಳಲ್ಲಿ ದುಡಿಯುವ ಸುಮಾರು 70 ಸಾವಿರ ಜನ, ಅವುಗಳ ಆಸರೆಗೆ ಒಂದು ಬ್ಯಾಂಕು, ಒಂದು ವಿಮಾ ಸಂಸ್ಥೆ, ಸಂಶೋಧನಾಲಯಗಳು, ಒಂದು ವಿಶ್ವವಿದ್ಯಾಲಯ. ಇಷ್ಟನ್ನು ಹೇಳಿ ಕಥೆಯನ್ನು 1956ರಿಂದ ಶುರು ಮಾಡುವುದು ರೂಢಿ. ಆ ವರ್ಷ ಐವರು ಯುವಕರು ಉಲ್ಗೋರ್ ಎಂಬ ಪುಟ್ಟ ಕಾರ್ಖಾನೆ ತೆರೆದು ಸೀಮೆಎಣ್ಣೆ ಒಲೆ ತಯಾರಿಸಲು ತೊಡಗಿದರು. ಆ ಐವರನ್ನು ಬೆಳೆಸಿದ ಪಾದ್ರಿ ಹೊಸೆ ಮರಿಯಾ ಅರಿಸ್ಮೆಂಡಿಯರ್ರಿಯೆಟಾ ಅವರ ಬಗ್ಗೆ ಇಂಥ ಬರಹಗಳಲ್ಲಿ ಗೌರವದ ನಾಲ್ಕು ಮಾತು ಇರುತ್ತದೆ. ಆದರೆ ಅವರು ಆ ಊರಿಗೆ ಬಂದದ್ದು 1941ರಲ್ಲಿ. ನಡುವಿನ ಹದಿನೈದು ವರ್ಷ ಅವರು ಏನು ಮಾಡುತ್ತಿದ್ದರು ಎಂಬುದು ಪೀಠಿಕೆಯಲ್ಲಿ ಮುಗಿದುಹೋಗುತ್ತದೆ.

ಪೀಠಿಕೆ ಎಂದು ದಾಟಿಸಿಬಿಡುವ ಆ ಭಾಗವೇ ಮುಖ್ಯ ಅಧ್ಯಾಯ ಎಂಬುದು ಈ ಟಿಪ್ಪಣಿಯ ವಾದ. ಲಾಭದ ಉದ್ದೇಶವಿಲ್ಲದ ಒಂದು ಶಾಲೆ, ಅದನ್ನು ನಡೆಸಲು ಊರವರೇ ಕಟ್ಟಿಕೊಂಡ ಸಂಘ, ಆ ಸಂಘದಲ್ಲಿ ಜನಕ್ಕೆ ಆದ ರೂಢಿ – ಇವು ಮೊದಲು ಬಂದವು. ಕಾರ್ಖಾನೆ, ಬ್ಯಾಂಕು, ವಿಮೆ ಎಲ್ಲವೂ ಆ ಶಾಲೆಯ ಸಂಘದ ಅಚ್ಚಿನಲ್ಲೇ ತಯಾರಾದವು. ಒಂದು ಸೀಮೆಯ ಆರ್ಥಿಕ ಬೆಳವಣಿಗೆ ಬಂಡವಾಳದಿಂದ ಶುರುವಾಗುತ್ತದೆ ಎಂದು ನಂಬಿರುವವರು ಈ ಕ್ರಮವನ್ನು ಗಮನವಿಟ್ಟು ನೋಡಬೇಕು.

ಮೊದಲು ಊರಿನ ಸಂಗತಿ. ಮೊಂಡ್ರಾಗೋನ್ ಇರುವುದು ಬಾಸ್ಕ್ ಸೀಮೆಯ ಗಿಪುಸ್ಕೋವಾ ಪ್ರಾಂತ್ಯದಲ್ಲಿ, ದೇಬಾ ನದಿಯ ಮೇಲ್ಕಣಿವೆಯಲ್ಲಿ. ಬಾಸ್ಕ್ ಜನ ಅದನ್ನು ಅರಾಸಾತೆ ಎನ್ನುತ್ತಾರೆ. ಮಧ್ಯಯುಗದಿಂದಲೂ ಅಲ್ಲಿನ ಉಕ್ಕಿಗೆ ಹೆಸರಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಆ ಹೆಸರನ್ನು ಉಳಿಸಿಕೊಂಡು ಬಂದದ್ದು ಉನಿಯೋನ್ ಸೆರ್ರಾಖೆರಾ ಎಂಬ ಕಂಪನಿ: ಬೀಗ, ಕೀಲು, ಎರಕದ ಸಾಮಾನುಗಳ ದೊಡ್ಡ ಕಾರ್ಖಾನೆ, 1906ರಲ್ಲಿ ರೂಪುಗೊಂಡದ್ದು. ಎಂಟು ಸಾವಿರ ಚಿಲ್ಲರೆ ಜನಸಂಖ್ಯೆಯ ಊರಿನಲ್ಲಿ ಅನ್ನ ಬೇಕಾದವರು ಬಹುಮಟ್ಟಿಗೆ ಅದರ ಬಾಗಿಲಿಗೇ ಹೋಗಬೇಕಿತ್ತು. ಕಂಪನಿಗೆ ತನ್ನದೇ ಒಂದು ತರಬೇತಿ ಶಾಲೆಯಿತ್ತು. ಅಲ್ಲಿ ಸೀಟು ಸಿಗುತ್ತಿದ್ದುದು ಬಹುತೇಕ ನೌಕರರ ಮಕ್ಕಳಿಗೆ. ಮೇಸ್ತ್ರಿಯ ದರ್ಜೆಗಿಂತ ಮೇಲೇರುವ ದಾರಿ ಅವರಿಗೂ ಇರಲಿಲ್ಲ.

ಊರು ಒಳಗಿನಿಂದ ಸೀಳಿಹೋಗಿತ್ತು. 1934ರ ಅಕ್ಟೋಬರಿನ ಕಾರ್ಮಿಕ ದಂಗೆಯಲ್ಲಿ ಕಂಪನಿಯ ಮುಖ್ಯಸ್ಥರೂ ಸಂಸತ್ ಸದಸ್ಯರೂ ಆಗಿದ್ದ ಮಾರ್ಸೆಲೀನೊ ಒರೆಖಾ ಕೊಲೆಯಾದರು. ಎರಡು ವರ್ಷದ ಮೇಲೆ ಅಂತರ್ಯುದ್ಧದಲ್ಲಿ ಫ್ರಾಂಕೊ ಪಡೆ ಊರನ್ನು ಹಿಡಿದಾಗ, ಅಲ್ಲಿನ ಹಿರಿಯ ಪಾದ್ರಿಯೂ ಸೇರಿದಂತೆ ಕೆಲವು ಪಾದ್ರಿಗಳನ್ನೇ ಗುಂಡಿಟ್ಟು ಕೊಂದರು. ಬಾಸ್ಕ್ ರಾಷ್ಟ್ರೀಯರಿಗೆ ಆಸರೆಯಾಗಿದ್ದರು ಎಂಬುದು ಅವರ ಮೇಲಿದ್ದ ಆರೋಪ. ಎರಡೂ ಕಡೆಯವರ ಮನೆಗಳಲ್ಲಿ ಹೀಗೆ ಸತ್ತವರಿದ್ದರು, ಸೆರೆಮನೆಗೆ ಹೋದವರಿದ್ದರು. ಯುದ್ಧ ಮುಗಿದ ಮೇಲೆ ಕಾರ್ಮಿಕ ಸಂಘಗಳಿಗೆ, ಪಕ್ಷಗಳಿಗೆ, ಮುಷ್ಕರಕ್ಕೆ ನಿಷೇಧ. ಬಾಸ್ಕ್ ಭಾಷೆಗೆ ಸಾರ್ವಜನಿಕ ಬದುಕಿನಲ್ಲಿ ಜಾಗವಿಲ್ಲ. ಮೇಲಿನಿಂದ ಹಸಿವು. 1941ರ ಫೆಬ್ರವರಿ 5ರಂದು ಆ ಊರಿನ ಸಹಾಯಕ ಪಾದ್ರಿಯಾಗಿ ಬಂದಿಳಿದ ಅರಿಸ್ಮೆಂಡಿಯರ್ರಿಯೆಟಾ ಅವರಿಗೆ ಆಗ ಇಪ್ಪತ್ತೈದು ವರ್ಷ. (ಅಲ್ಲಿನವರಂತೆ ನಾನೂ ಇನ್ನು ಮುಂದೆ ಅರಿಸ್ಮೆಂಡಿ ಎಂದೇ ಬರೆಯುತ್ತೇನೆ.)

ಅವರ ಹಿನ್ನೆಲೆ ಸಂಕ್ಷೇಪವಾಗಿ ಸಾಕು. 1915ರ ಏಪ್ರಿಲ್ 22ರಂದು ಬಿಸ್ಕಾಯಾ ಪ್ರಾಂತ್ಯದ ಮಾರ್ಕಿನಾ ಬಳಿಯ ರೈತ ಮನೆಯಲ್ಲಿ ಹಿರಿಯ ಮಗನಾಗಿ ಜನನ. ಮೂರರ ವಯಸ್ಸಿನಲ್ಲಿ ಅಪಘಾತದಿಂದ ಎಡಗಣ್ಣು ಹೋಯಿತು. ವಿತೋರಿಯಾದ ಗುರುಮಠದಲ್ಲಿ ಓದುತ್ತಿದ್ದಾಗ ಅಂತರ್ಯುದ್ಧ ಬಂತು. ಕಣ್ಣಿನ ಕಾರಣಕ್ಕೆ ರಣರಂಗಕ್ಕೆ ಬೇಡವಾಗಿ, ಬಿಲ್ಬಾವೊದಿಂದ ಹೊರಡುತ್ತಿದ್ದ ಬಾಸ್ಕ್ ದಿನಪತ್ರಿಕೆ ‘ಎಗುನಾ’ದಲ್ಲಿ ಬರೆಯುವ ಕೆಲಸಕ್ಕೆ ನಿಂತರು. 1937ರಲ್ಲಿ ಸೆರೆ ಸಿಕ್ಕಾಗ, ಸೈನ್ಯದ ಸಂಬಳ ಪಡೆಯುತ್ತಿದ್ದ ಸೈನಿಕ ತಾನು ಎಂದು ಹೇಳಿದ್ದರಿಂದ ಜೀವ ಉಳಿಯಿತು. ದೀಕ್ಷೆ ಪಡೆದ ಮೇಲೆ ಬೆಲ್ಜಿಯಮಿನ ಲೂವೆನ್‌ಗೆ ಹೋಗಿ ಸಮಾಜಶಾಸ್ತ್ರ ಓದಬೇಕೆಂದು ಕೇಳಿದರು. ಬಿಷಪ್ಪರು ಒಪ್ಪಲಿಲ್ಲ, ಮೊಂಡ್ರಾಗೋನ್‌ಗೆ ಕಳುಹಿಸಿದರು. ಪ್ರವಚನ ಮಾಡುವುದರಲ್ಲಿ ಅವರು ಚತುರರಾಗಿರಲಿಲ್ಲ. ಬರೆದುಕೊಂಡದ್ದನ್ನು ಏರಿಳಿತವಿಲ್ಲದೆ ಓದುತ್ತಿದ್ದರಂತೆ. ಮಾತಿನ ಮೋಡಿಯಿಂದ ಜನರನ್ನು ಸೆಳೆದ ನಾಯಕ ಎಂಬ ವಿವರಣೆ ಇವರ ವಿಷಯದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಇವರು ಮಾಡಿದ ವ್ಯವಸ್ಥೆಗಳನ್ನೇ ನೋಡಬೇಕಾಗುತ್ತದೆ.

ಅವರು ಮೊದಲು ಕಲಿಸಲು ಹೋದದ್ದು ಕಂಪನಿಯ ಶಾಲೆಗೇ. ಊರಿನ ಉಳಿದ ಮಕ್ಕಳಿಗೂ ಅದರ ಬಾಗಿಲು ತೆರೆಯಿರಿ, ಹಣ ಹೊಂದಿಸುವುದಕ್ಕೆ ನಾನು ನೆರವಾಗುತ್ತೇನೆ ಎಂದು ಕೇಳಿಕೊಂಡರು. ಆಡಳಿತದವರು ಒಪ್ಪಲಿಲ್ಲ. ಆ ನಿರಾಕರಣೆಯ ನಂತರ ಅವರು ಮಾಡಿದ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ಮೊದಲು ಹುಡುಗರ ತಂದೆತಾಯಿಗಳ ಒಂದು ಸಂಘ, ಜತೆಗೆ ಹುಡುಗರದೇ ಒಂದು ಕ್ರೀಡಾ ಸಂಘ. ಫುಟ್ಬಾಲ್ ಮೈದಾನ ಹದ ಮಾಡಿಸುವುದು, ಪಂದ್ಯ ಏರ್ಪಡಿಸುವುದು, ನಾಟಕ ಆಡಿಸುವುದು, ಲಾಟರಿ ಚೀಟಿ ಮಾರುವುದು. ರಾಜಕೀಯ ಸಭೆ ಸೇರಿದರೆ ಜೈಲು ಎಂಬ ಕಾಲದಲ್ಲಿ ಫುಟ್ಬಾಲಿಗಾಗಿ ಜನ ಸೇರುವುದಕ್ಕೆ ಅಡ್ಡಿಯಿರಲಿಲ್ಲ. ಚರ್ಚಿನ ಆಶ್ರಯದ ಸಂಘಗಳಿಗೆ ಆಡಳಿತ ಕೊಡುತ್ತಿದ್ದ ಸಡಿಲವನ್ನು ಅವರು ಪೂರ್ತಿ ಬಳಸಿಕೊಂಡರು.

1943ರಲ್ಲಿ ಊರಿನ ರಸ್ತೆಗಳ ಮೂಲೆಗಳಲ್ಲಿ ಪೆಟ್ಟಿಗೆಗಳನ್ನು ಇಡಿಸಿದರು, ಮತ ಹಾಕುವ ಪೆಟ್ಟಿಗೆಗಳಂಥವು. ಎಲ್ಲರಿಗೂ ತೆರೆದ ಒಂದು ತಾಂತ್ರಿಕ ಶಾಲೆ ಬೇಕು ಎನ್ನುವವರು ಒಂದು ಚೀಟಿಯಲ್ಲಿ ತಮ್ಮ ಹೆಸರು ಬರೆದು, ತಿಂಗಳಿಗೋ ವರ್ಷಕ್ಕೋ ಎಷ್ಟು ಹಣ ಕೊಡಬಲ್ಲರು, ಹಣವಿಲ್ಲದಿದ್ದರೆ ಯಾವ ಕೆಲಸ ಮಾಡಿಕೊಡಬಲ್ಲರು ಎಂದು ನಮೂದಿಸಿ ಪೆಟ್ಟಿಗೆಗೆ ಹಾಕಬೇಕು. ಸುಮಾರು 600 ಚೀಟಿ ಬಿದ್ದವು. ಮಕ್ಕಳನ್ನು ಬಿಟ್ಟು ಲೆಕ್ಕ ಹಿಡಿದರೆ ಊರಿನ ಗಣನೀಯ ಪಾಲು ಅದು. ಚೀಟಿ ಹಾಕಿದವರು ದಾನಿಗಳಾಗಿ ಉಳಿಯಲಿಲ್ಲ, ಶಾಲೆಯ ಸಂಘದ ಸದಸ್ಯರಾದರು. ಆಡಳಿತ ಮಂಡಳಿಯ ಆಯ್ಕೆಯಲ್ಲಿ ಅವರಿಗೆ ಮತವಿತ್ತು. ದೇಶದಲ್ಲಿ ಎಲ್ಲಿಯೂ ಮುಕ್ತ ಚುನಾವಣೆ ಇಲ್ಲದ ಹೊತ್ತಿನಲ್ಲಿ ಈ ಊರಿನ ಜನ ಪೆಟ್ಟಿಗೆಗೆ ಚೀಟಿ ಹಾಕಿ ತಮ್ಮದೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡರು. ಆ ವರ್ಷ ಅಕ್ಟೋಬರಿನಲ್ಲಿ 20 ಹುಡುಗರೊಂದಿಗೆ ಶಾಲೆ ತೆರೆಯಿತು. 1948ರ ಹೊತ್ತಿಗೆ ಈ ಸಂಘ ಶಿಕ್ಷಣ ಮತ್ತು ಸಂಸ್ಕೃತಿಯ ಒಕ್ಕೂಟವಾಗಿ ಕಾನೂನಿನ ರೂಪ ಪಡೆಯಿತು. ಅದರಲ್ಲಿ ಊರಿನ ಜನ, ಉದ್ಯಮಿಗಳು, ಪುರಸಭೆ ಮೂರಕ್ಕೂ ಜಾಗವಿತ್ತು. ನೆರವಿಗೆ ಉನಿಯೋನ್ ಸೆರ್ರಾಖೆರಾ ಕೂಡ ಬಂತು. ಮೊದಲು ಇಲ್ಲವೆಂದವರನ್ನು ಹಗೆ ಮಾಡಿಕೊಳ್ಳದೆ ಸದಸ್ಯರನ್ನಾಗಿ ಮಾಡಿಕೊಂಡದ್ದು ಅರಿಸ್ಮೆಂಡಿಯವರ ರೀತಿ.

ಈ ಪೆಟ್ಟಿಗೆಯ ಪ್ರಸಂಗವನ್ನು ಹಣ ಎತ್ತುವ ಜಾಣತನವೆಂದು ಬರೆದವರಿದ್ದಾರೆ. ನನಗೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ ಎನಿಸುತ್ತದೆ. 1934ರಲ್ಲಿ ಒಂದು ಕಡೆಯವರು ಸತ್ತ, 1936ರಲ್ಲಿ ಇನ್ನೊಂದು ಕಡೆಯವರು ಸತ್ತ ಊರು ಇದು. ಸಮಾಜವಾದಿಯ ಮನೆಯವರೂ ಬಾಸ್ಕ್ ರಾಷ್ಟ್ರೀಯರ ಮನೆಯವರೂ ಗೆದ್ದ ಪಕ್ಷದ ಮನೆಯವರೂ ಒಂದೇ ಪಟ್ಟಿಯಲ್ಲಿ ಹೆಸರು ಹಾಕಲು ಒಪ್ಪುವ ಸಂಗತಿ ಯಾವುದಿದ್ದೀತು? ಮಕ್ಕಳ ಓದು ಒಂದೇ. ಅರಿಸ್ಮೆಂಡಿ ಅದನ್ನು ಹುಡುಕಿ ಹಿಡಿದರು. ಪ್ರಾದೇಶಿಕ ಅಭಿವೃದ್ಧಿಯ ಶಾಸ್ತ್ರದವರು ಈಗ ಪರಸ್ಪರ ವಿಶ್ವಾಸವನ್ನೂ ಬಂಡವಾಳವೆಂದೇ ಎಣಿಸುತ್ತಾರೆ. ಆ ವಿಶ್ವಾಸ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅವರ ಬರಹಗಳಲ್ಲಿ ಸಿಗುವ ಉತ್ತರ ತೆಳುವಾದದ್ದು. ಮೊಂಡ್ರಾಗೋನ್‌ನಲ್ಲಿ ಅದು ಎಲ್ಲಿಂದ ಬಂತು, ಯಾವ ವರ್ಷ ಬಂತು, ಎಷ್ಟು ಚೀಟಿಗಳಲ್ಲಿ ಬಂತು ಎಂದು ಬೆರಳಿಟ್ಟು ತೋರಿಸಬಹುದು.

ಶಾಲೆಯೊಳಗೆ ಲೇತು, ಅರ, ಡ್ರಾಯಿಂಗ್ ಹಲಗೆ, ಗಣಿತ. ಮುಂಜಾನೆಯಿಂದ ಕಾರ್ಖಾನೆಯಲ್ಲಿ ದುಡಿದ ಹುಡುಗರು ಸಂಜೆ ಪುಸ್ತಕ ಹಿಡಿಯುತ್ತಿದ್ದರು. ಅದರ ಜತೆಗೆ ಪಾದ್ರಿಗಳು ನಡೆಸುತ್ತಿದ್ದ ಅಧ್ಯಯನ ಗೋಷ್ಠಿಗಳು: ದುಡಿಮೆ ಎಂದರೇನು, ಆಸ್ತಿಯ ಹಕ್ಕಿಗೆ ಮಿತಿ ಎಲ್ಲಿ, ಕಂಪನಿಯಲ್ಲಿ ಕಾರ್ಮಿಕನ ಪಾಲು ಎಷ್ಟಿರಬೇಕು ಎಂಬ ಚರ್ಚೆ. 1956ರೊಳಗೆ ಇಂಥ ಎರಡು ಸಾವಿರ ಗೋಷ್ಠಿಗಳಾದರೂ ನಡೆದಿರಬೇಕು ಎಂದು ಶಿಷ್ಯರಲ್ಲೊಬ್ಬರಾದ ಒರ್ಮಾಎಚೆಯಾ ಮುಂದೆ ಲೆಕ್ಕ ಹಾಕಿದ್ದುಂಟು. ಲೆಕ್ಕ ಅಂದಾಜಿನದೇ ಇರಲಿ, ಮೂರು ದಿನಕ್ಕೊಂದರಂತೆ ಹದಿನೈದು ವರ್ಷ ನಡೆದ ಕೆಲಸ ಎಂದಾಯಿತು. ಇದಕ್ಕೆ ಆಯವ್ಯಯದ ಪತ್ರದಲ್ಲಿ ಯಾವ ಸಾಲೂ ಇಲ್ಲ.

ಮುಂದಿನ ಓದಿಗೆ ವಿಶ್ವವಿದ್ಯಾಲಯ ಬೇಕಿತ್ತು. ದುಡಿಯುವ ಮನೆಯ ಹುಡುಗರು ಊರು ಬಿಟ್ಟು ಹೋಗಿ ಓದುವುದು ಆಗದ ಮಾತು. ಅರಿಸ್ಮೆಂಡಿ ಸರಗೋಸಾ ವಿಶ್ವವಿದ್ಯಾಲಯದವರೊಂದಿಗೆ ಮಾತುಕತೆ ನಡೆಸಿ, ಹುಡುಗರು ಊರಲ್ಲೇ ಕೆಲಸ ಮಾಡುತ್ತಾ ಓದಿಕೊಂಡು ಪರೀಕ್ಷೆಗೆ ಮಾತ್ರ ಅಲ್ಲಿಗೆ ಹೋಗಿಬರುವ ಏರ್ಪಾಟು ಮಾಡಿದರು. 1952ರಲ್ಲಿ 11 ಜನ ತಾಂತ್ರಿಕ ಪದವಿ ಪಡೆದು ಹೊರಬಂದರು. ಬೀಗದ ಕಾರ್ಖಾನೆಯ ಊರಿನಲ್ಲಿ ಕಾರ್ಮಿಕರ ಮಕ್ಕಳು ಎಂಜಿನಿಯರುಗಳಾದದ್ದು ಅದೇ ಮೊದಲು.

ಈ ಹನ್ನೊಂದು ಜನರಲ್ಲಿ ಐವರು ಮುಂದೆ ಉಲ್ಗೋರ್ ಸ್ಥಾಪಿಸಿದರು. ಉಸಾತೊರ್ರೆ, ಲರ್ರಾನ್ಯಾಗಾ, ಗೊರ್ರೊನ್ಯೊಗೊಯಿತಿಯಾ, ಒರ್ಮಾಎಚೆಯಾ, ಒರ್ತುಬಾಯ್: ಐವರ ಹೆಸರಿನ ಮೊದಲಕ್ಷರಗಳೇ ಕಾರ್ಖಾನೆಯ ಹೆಸರಾದವು. ಹೊಸ ಕಂಪನಿ ಕಟ್ಟಬೇಕೆಂಬುದು ಅವರ ಮೊದಲ ಯೋಚನೆಯಾಗಿರಲಿಲ್ಲ. ಉನಿಯೋನ್ ಸೆರ್ರಾಖೆರಾ ತನ್ನ ಬಂಡವಾಳ ಹೆಚ್ಚಿಸಲು ಹೊರಟಾಗ, ನೌಕರರಿಗೂ ಷೇರು ಕೊಡಿ ಎಂದು ಕೇಳಿದರು. ಸಿಗಲಿಲ್ಲ. ಶಾಲೆಯ ವಿಷಯದಲ್ಲಿ ಆದದ್ದೇ ಮತ್ತೆ ಆಯಿತು: ಮೊದಲು ಒಳಗಿದ್ದೇ ಬದಲಾಯಿಸಲು ಕೇಳುವುದು, ಆಗದಿದ್ದರೆ ಹೊರಗೆ ಬಂದು ಕಟ್ಟುವುದು. 1955ರಲ್ಲಿ ಅವರು ಊರವರ ಮುಂದೆ ಕೈಯೊಡ್ಡಿದರು. ಯಾವ ಸಾಮಾನು ತಯಾರಿಸುತ್ತೇವೆ ಎಂದು ಅವರಿಗೇ ಖಚಿತವಾಗಿರಲಿಲ್ಲ. ಆದರೂ ನೂರರಷ್ಟು ಜನ ಸೇರಿ ಒಂದು ಕೋಟಿ ಹತ್ತು ಲಕ್ಷ ಪೆಸೆಟಾ ಕೊಡಲು ಒಪ್ಪಿದರು. ಏನು ಮಾಡುತ್ತಾರೋ ತಿಳಿಯದ ಹುಡುಗರಿಗೆ ಹಣ ಕೊಟ್ಟದ್ದನ್ನು ಪವಾಡದಂತೆ ವರ್ಣಿಸುವುದುಂಟು. ಹನ್ನೆರಡು ವರ್ಷ ಹಿಂದಿನ 600 ಚೀಟಿಗಳನ್ನು ನೆನಪಿಟ್ಟುಕೊಂಡು ಓದಿದರೆ ಅದರಲ್ಲಿ ಪವಾಡವೇನೂ ಕಾಣುವುದಿಲ್ಲ. ಶಾಲೆಯ ಸಂಘದ ಲೆಕ್ಕಪತ್ರವನ್ನು ಊರವರು ಅಷ್ಟು ವರ್ಷ ನೋಡಿದ್ದರು. ಈ ಹುಡುಗರು ಎಂಥವರು ಎಂಬುದೂ ಅವರಿಗೆ ಗೊತ್ತಿತ್ತು.

ಹೊಸ ಕಾರ್ಖಾನೆಗೆ ಸರ್ಕಾರದ ಪರವಾನಗಿ ಸಿಗುವುದು ಆಗ ಬಲು ಕಷ್ಟ. ವಿತೋರಿಯಾದಲ್ಲಿ ದಿವಾಳಿಯಾದ ಒಂದು ಸಣ್ಣ ಕಂಪನಿಯನ್ನು ಅದರ ಪರವಾನಗಿಗಾಗಿಯೇ ಕೊಂಡುಕೊಂಡು, ಮರುವರ್ಷ ಅದನ್ನು ಮೊಂಡ್ರಾಗೋನ್‌ಗೆ ತಂದರು. ಮೊದಲು ಸೀಮೆಎಣ್ಣೆ ಒಲೆ, ಆಮೇಲೆ ಗ್ಯಾಸ್ ಒಲೆ, ತಂಗಳುಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ. ಫಾಗೋರ್ ಎಂಬ ಹೆಸರಿನಲ್ಲಿ ಅವು ಸ್ಪೇನಿನ ಅಡಿಗೆಮನೆಗಳನ್ನು ಸೇರಿದವು.

ಸಹಕಾರಿಯ ಉಪನಿಯಮಗಳಿಗೆ ಮಂಜೂರಾತಿ ಸಿಕ್ಕಿದ್ದು 1959ರಲ್ಲಿ. 1942ರ ಸಹಕಾರ ಕಾಯ್ದೆಯ ಚೌಕಟ್ಟಿನೊಳಗೆ ದುಡಿಮೆಗೂ ಬಂಡವಾಳಕ್ಕೂ ನ್ಯಾಯವಾದ ಜಾಗ ಹುಡುಕಲು ಅರಿಸ್ಮೆಂಡಿ ವರ್ಷಗಟ್ಟಲೆ ಕಾನೂನು ಓದಿದ್ದರು. ಅವರು ತಂದ ಏರ್ಪಾಟನ್ನು ನಮ್ಮ ಲೆಕ್ಕದಲ್ಲಿ ಹೀಗೆ ಹೇಳಬಹುದು. ವರ್ಷದ ಕೊನೆಗೆ 100 ರೂಪಾಯಿ ಲಾಭ ಉಳಿಯಿತು ಎನ್ನಿ. ಕನಿಷ್ಠ 10 ರೂಪಾಯಿ ಶಿಕ್ಷಣಕ್ಕೂ ಊರಿನ ಕೆಲಸಕ್ಕೂ ಹೋಗಬೇಕು. ಕನಿಷ್ಠ 20 ರೂಪಾಯಿ ಯಾರೂ ಹಂಚಿಕೊಳ್ಳಲಾಗದ ಮೀಸಲು ನಿಧಿಗೆ. ಉಳಿದದ್ದು, ಅಂದರೆ ಹೆಚ್ಚೆಂದರೆ 70, ಸದಸ್ಯರ ಹೆಸರಿಗೆ ಜಮೆಯಾಗುತ್ತದೆ, ಆದರೆ ಕೈಗೆ ಬರುವುದಿಲ್ಲ. ಪ್ರತಿ ಸದಸ್ಯನಿಗೂ ಒಂದು ಖಾತೆ. ಕೆಲಸ ಬಿಟ್ಟಾಗಲೋ ನಿವೃತ್ತಿಯಾದಾಗಲೋ ಆ ಹಣ ಸಿಗುತ್ತದೆ. ಅಲ್ಲಿಯವರೆಗೆ ಅದಕ್ಕೆ ಬಡ್ಡಿಯುಂಟು. ನಷ್ಟವಾದ ವರ್ಷ ಖಾತೆಯಿಂದ ಕಡಿತವೂ ಉಂಟು. ಖಾತೆಯಲ್ಲಿ ಎಷ್ಟೇ ಇರಲಿ, ಸರ್ವಸದಸ್ಯರ ಸಭೆಯಲ್ಲಿ ಒಬ್ಬರಿಗೆ ಒಂದೇ ಮತ. ಅತಿ ಕಡಿಮೆ ಸಂಬಳಕ್ಕೂ ಅತಿ ಹೆಚ್ಚು ಸಂಬಳಕ್ಕೂ ಇದ್ದ ಅಂತರ ಆರಂಭದಲ್ಲಿ ಒಂದಕ್ಕೆ ಮೂರು ಮಾತ್ರ.

ಇದರ ಆರ್ಥಿಕ ಫಲ ದೊಡ್ಡದು. ಲಾಭದ ಬಹುಪಾಲು ಸದಸ್ಯರದೇ ಆದರೂ, ಅದು ದಶಕಗಟ್ಟಲೆ ಕಾರ್ಖಾನೆಯೊಳಗೇ ದುಡಿಯುತ್ತದೆ. ಹೊರಗಿನ ಷೇರುದಾರರನ್ನು ಕರೆಯದೆ ಬೆಳೆಯುವುದಕ್ಕೆ ಬೇಕಾದ ಬಂಡವಾಳ ಅಲ್ಲೇ ಹುಟ್ಟುತ್ತದೆ. ಆ ಮೊದಲ ಹತ್ತು ರೂಪಾಯಿಯನ್ನೂ ಮರೆಯಬಾರದು. ಅದು ಶಾಲೆಗೆ ಸಲ್ಲುವ ಪಾಲು. ಶಾಲೆ ಕಾರ್ಖಾನೆಯನ್ನು ಹುಟ್ಟಿಸಿತು, ಕಾರ್ಖಾನೆ ಉಪನಿಯಮದ ಮೂಲಕವೇ ಶಾಲೆಯನ್ನು ಸಾಕಬೇಕಾಯಿತು. 1966ರಲ್ಲಿ ವಿದ್ಯಾರ್ಥಿಗಳೇ ಅರ್ಧ ದಿನ ದುಡಿದು ಅರ್ಧ ದಿನ ಓದುವ ಅಲೆಕೊಪ್ ಎಂಬ ಸಹಕಾರಿ ಹುಟ್ಟಿದ್ದೂ, 1974ರಲ್ಲಿ ಇಕೆರ್ಲಾನ್ ಎಂಬ ಸಂಶೋಧನಾಲಯ ಬಂದದ್ದೂ, 1997ರಲ್ಲಿ ವಿಶ್ವವಿದ್ಯಾಲಯವಾದದ್ದೂ ಈ ಕೊಡುಕೊಳೆಯ ಮುಂದುವರಿಕೆ. ಇಂದಿನ ಎಂಜಿನಿಯರಿಂಗ್ ವಿಭಾಗ 20 ಹುಡುಗರ ಆ ಶಾಲೆಯದೇ ನೇರ ಸಂತತಿ.

ಬ್ಯಾಂಕಿನ ವಿಷಯ ಬೇರೆಯೇ. 1959ರಲ್ಲಿ ಅರಿಸ್ಮೆಂಡಿ ಸಹಕಾರಿಗಳದೇ ಒಂದು ಉಳಿತಾಯ ಬ್ಯಾಂಕು ಬೇಕೆಂದಾಗ ಶಿಷ್ಯರು ಬೆಚ್ಚಿದರು. ನಿನ್ನೆ ಮೊನ್ನೆಯವರೆಗೆ ಮೇಸ್ತ್ರಿಗಳಾಗಿದ್ದವರು ಈಗಷ್ಟೇ ವ್ಯವಸ್ಥಾಪಕರಾಗಲು ಹೆಣಗುತ್ತಿದ್ದರು. ಬ್ಯಾಂಕಿನ ಗೊಡವೆ ನಮಗೇಕೆ ಎಂದರು. ಅರಿಸ್ಮೆಂಡಿ ಬಿಡಲಿಲ್ಲ. ಸಹಕಾರಿ ಬ್ಯಾಂಕುಗಳು ಠೇವಣಿಗೆ ಶೇ 0.5ರಷ್ಟು ಹೆಚ್ಚು ಬಡ್ಡಿ ಕೊಡಬಹುದೆಂದು ಕಾನೂನಿನಲ್ಲಿ ಅವರು ಕಂಡುಕೊಂಡಿದ್ದರು. ಅರ್ಜಿಯ ಕಾಗದಗಳನ್ನು ತಾವೇ ಸಿದ್ಧಮಾಡಿ, ಶಿಷ್ಯರ ಸಹಿಗಳನ್ನೂ ತಾವೇ ಹಾಕಿ ಕಳುಹಿಸಿದರು. ಕಾಹಾ ಲಬೋರಾಲ್ ಪೊಪುಲಾರ್ ಹುಟ್ಟಿದ್ದು ಹಾಗೆ. ಈ ಸಹಿಯ ಕಥೆಯನ್ನು ಅಭಿಮಾನಿಗಳು ದೂರದೃಷ್ಟಿಯ ಉದಾಹರಣೆಯಾಗಿ ಹೇಳುತ್ತಾರೆ. ನಾನು ಅದನ್ನು ಹಾಗೆ ಒಪ್ಪಲಾರೆ. ಎಲ್ಲರೂ ಕೂತು ನಿರ್ಧರಿಸಬೇಕು ಎಂದು ಎರಡು ಸಾವಿರ ಗೋಷ್ಠಿಗಳಲ್ಲಿ ಕಲಿಸಿದವರು, ಬೇರೆಯವರ ಹೆಸರಿನಲ್ಲಿ ನಿರ್ಧಾರ ತೆಗೆದುಕೊಂಡರು. ಫಲ ಒಳ್ಳೆಯದಾಯಿತು ಎಂಬುದು ಆ ಕೆಲಸಕ್ಕೆ ಸಮರ್ಥನೆಯಾಗುವುದಿಲ್ಲ. ಅವರ ವ್ಯಕ್ತಿತ್ವದಲ್ಲಿ ಗುರುವಿನ ಅಧಿಕಾರ ಎಷ್ಟರ ಮಟ್ಟಿಗೆ ಇತ್ತು ಎಂಬುದನ್ನು ಈ ಸಹಿ ತೋರಿಸುತ್ತದೆ. ಸಹಕಾರಿಗಳ ಆಡಳಿತದಲ್ಲಿ ಅವರು ಯಾವ ಹುದ್ದೆಯನ್ನೂ ಹಿಡಿಯಲಿಲ್ಲ, ಕೊನೆಯವರೆಗೂ ಪಾದ್ರಿಯಾಗಿಯೇ ಉಳಿದು, ಸೈಕಲ್ಲಿನಲ್ಲೋ ಮೊಪೆಡ್ಡಿನಲ್ಲೋ ಊರು ಸುತ್ತುತ್ತಿದ್ದರು ಎಂಬುದು ನಿಜ. ಹುದ್ದೆಯಿಲ್ಲದವರ ಅಧಿಕಾರಕ್ಕೆ ಸಭೆಯಲ್ಲಿ ಉತ್ತರ ಕೇಳುವ ದಾರಿಯೂ ಇರುವುದಿಲ್ಲ ಎಂಬುದು ಅಷ್ಟೇ ನಿಜ.

ಆದರೆ ಬ್ಯಾಂಕು ಮಾಡಿದ ಕೆಲಸ ಅಸಾಧಾರಣ. ಅದರ ಪ್ರಚಾರದ ಮಾತೇ ‘ಪಾಸ್‌ಬುಕ್ಕೋ ಪೆಟ್ಟಿಗೆ ಗಂಟೋ’ ಎಂಬ ಅರ್ಥದ್ದು: ಇಲ್ಲಿ ಉಳಿತಾಯ ಮಾಡಿ, ಇಲ್ಲವಾದರೆ ಊರು ಬಿಟ್ಟು ಗುಳೆ ಹೋಗಿ. ಕಣಿವೆಯ ಜನರ ಉಳಿತಾಯ ದೂರದ ನಗರಗಳ ಉದ್ಯಮಕ್ಕೆ ಹರಿದುಹೋಗದೆ ಅಲ್ಲೇ ಹೊಸ ಸಹಕಾರಿಗಳಿಗೆ ಸಾಲವಾಯಿತು. ಬ್ಯಾಂಕಿನ ಉದ್ಯಮ ವಿಭಾಗ ಹೊಸ ಯೋಜನೆಗಳನ್ನು ಪರೀಕ್ಷಿಸಿ, ಆರಂಭದ ವರ್ಷಗಳಲ್ಲಿ ಕೈ ಹಿಡಿದು ನಡೆಸುತ್ತಿತ್ತು. ಸಹಕಾರಿಯ ಸದಸ್ಯರು ನೌಕರರಲ್ಲ ಎಂದು ಸರ್ಕಾರ ಅವರನ್ನು ಸಾಮಾಜಿಕ ಭದ್ರತೆಯ ಯೋಜನೆಯಿಂದ ಹೊರಗಿಟ್ಟಾಗ, ಪಿಂಚಣಿ ಮತ್ತು ಆರೋಗ್ಯದ ಏರ್ಪಾಟು ಕೂಡ ಬ್ಯಾಂಕಿನ ಆಸರೆಯಲ್ಲೇ ಶುರುವಾಗಿ ಮುಂದೆ ಲಗುನ್ ಆರೊ ಎಂಬ ಪ್ರತ್ಯೇಕ ಸಂಸ್ಥೆಯಾಯಿತು.

ಕನ್ನಡದ ಓದುಗರಿಗೆ ಇಲ್ಲಿ ಉಡುಪಿ ನೆನಪಾಗದೆ ಇರದು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮೂವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಬ್ಯಾಂಕು ತೆರೆದಾಗ ಕಣ್ಣ ಮುಂದೆ ಇದ್ದದ್ದು ಕರಾವಳಿಯ ಕೈಮಗ್ಗದ ನೇಕಾರರ ಸಂಕಷ್ಟ. 1928ರ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನೂ ಸ್ವೀಕರಿಸಿದರು. ಶಿಕ್ಷಣಕ್ಕಾಗಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಹುಟ್ಟಿದ್ದು 1942ರಲ್ಲಿ. ಅಂದರೆ ಉಡುಪಿ–ಮಣಿಪಾಲದಲ್ಲಿ ಮೊದಲು ಬ್ಯಾಂಕು, ಆಮೇಲೆ ಶಾಲೆ. ಮೊಂಡ್ರಾಗೋನ್‌ನಲ್ಲಿ ಮೊದಲು ಶಾಲೆ, ಆಮೇಲೆ ಬ್ಯಾಂಕು.  ಕರಾವಳಿಯ ಬ್ಯಾಂಕು ದೇಶದ ಬ್ಯಾಂಕಾಗಿ ಬೆಳೆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಮೊಂಡ್ರಾಗೋನ್‌ನ ಬ್ಯಾಂಕು ಬಹುಕಾಲ ತನ್ನ ಸೀಮೆಗೇ ಕಟ್ಟುಬಿದ್ದಿತ್ತು, ಏಕೆಂದರೆ ಅದರ ಒಡೆಯರೇ ಆ ಸೀಮೆಯ ಸಹಕಾರಿಗಳು. ಶಾಲೆ ಮೊದಲೋ ಬ್ಯಾಂಕು ಮೊದಲೋ ಎಂಬುದರಿಂದ ಸಂಸ್ಥೆಯ ಒಡೆತನವೂ ಬದಲಾಗುತ್ತದೆಯೇ ಎಂಬುದು ಕೂಲಂಕಷವಾಗಿ ಅಧ್ಯಯನ ಮಾಡಬೇಕಾದ ವಿಷಯ. ಈ ಎರಡು ಉದಾಹರಣೆಗಳ ಬಲದ ಮೇಲೆ ತೀರ್ಮಾನ ಹೇಳಲು ನಾನು ಸಿದ್ಧನಿಲ್ಲ.

ಎಲ್ಲವನ್ನೂ ಒಬ್ಬ ಪಾದ್ರಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಕಣಿವೆಯಲ್ಲಿ ಲೋಹದ ಕೆಲಸದ ಕೈಚಳಕ ಶತಮಾನಗಳಿಂದ ಇತ್ತು. ಸಹಕಾರಿ ಕಾರ್ಖಾನೆ ಅಲ್ಲಿಗೆ ಹೊಸದೂ ಆಗಿರಲಿಲ್ಲ. ಅದೇ ದೇಬಾ ಕಣಿವೆಯ ಐಬಾರ್ ಊರಿನಲ್ಲಿ 1920ರಲ್ಲೇ ಸಮಾಜವಾದಿ ಕಾರ್ಮಿಕರು ಆಲ್ಫಾ ಎಂಬ ಸಹಕಾರಿ ಕಟ್ಟಿದ್ದರು. ಬಂದೂಕಿನಿಂದ ಶುರುವಾಗಿ ಹೊಲಿಗೆ ಯಂತ್ರಕ್ಕೆ ಹೆಸರಾದ ಕಾರ್ಖಾನೆ ಅದು. ಫ್ರಾಂಕೊ ಕಾಲದ ಆಮದು ನಿರ್ಬಂಧಗಳಿಂದಾಗಿ ಉಲ್ಗೋರ್‌ನ ಒಲೆ, ತಂಗಳುಪೆಟ್ಟಿಗೆಗಳಿಗೆ ಹೊರದೇಶದ ಸ್ಪರ್ಧೆ ಇರಲಿಲ್ಲ. 1960ರ ದಶಕದಲ್ಲಿ ಸ್ಪೇನಿನ ಆರ್ಥಿಕತೆ ವೇಗವಾಗಿ ಬೆಳೆದು, ಹಳ್ಳಿಯಿಂದ ನಗರಕ್ಕೆ ಬಂದ ಲಕ್ಷಾಂತರ ಕುಟುಂಬಗಳಿಗೆ ಮನೆ ಸಾಮಾನು ಬೇಕಾಯಿತು. ಇವೆಲ್ಲ ಅನುಕೂಲಗಳು ಪಕ್ಕದ ಊರುಗಳಿಗೂ ಇದ್ದವು. ಅವುಗಳಿಗೆ ಇಲ್ಲದಿದ್ದದ್ದು ಹನ್ನೆರಡು ವರ್ಷ ಹಳೆಯದಾದ ಆ ಶಾಲೆಯ ಸಂಘ. ಆದ್ದರಿಂದಲೇ ನಾನು ಅದರ ಮೇಲೆ ಇಷ್ಟು ಭಾರ ಹಾಕುತ್ತಿರುವುದು.

ಕೊರತೆಗಳನ್ನೂ ದಾಖಲಿಸಬೇಕು. ಮದುವೆಯಾದ ಹೆಣ್ಣುಮಕ್ಕಳು ಕೆಲಸ ಬಿಡುವ ಪದ್ಧತಿಯನ್ನು ಸಹಕಾರಿಗಳೂ ವರ್ಷಗಟ್ಟಲೆ ಪಾಲಿಸಿದವು. ಗೃಹಿಣಿಯರಿಗಾಗಿ ಅಡುಗೆ ಮತ್ತು ಸ್ವಚ್ಛತೆಯ ಕೆಲಸದ ಔಸೊ ಲಗುನ್ ಎಂಬ ಸಹಕಾರಿ ಬಂದದ್ದು 1969ರಲ್ಲಿ. ಅದಕ್ಕೂ ಅರಿಸ್ಮೆಂಡಿಯವರ ಪ್ರೋತ್ಸಾಹವಿತ್ತು, ಆದರೆ ತಡವಾಗಿತ್ತು. 1974ರಲ್ಲಿ, ಅವರು ಇನ್ನೂ ಬದುಕಿರುವಾಗಲೇ, ಉಲ್ಗೋರ್‌ನಲ್ಲಿ ಕೆಲಸದ ದರ್ಜೆ ನಿಗದಿಯ ವಿಷಯಕ್ಕೆ ಸುಮಾರು 400 ಜನ ಮುಷ್ಕರ ಹೂಡಿದರು. ಆಡಳಿತ 17 ಜನರನ್ನು ಹೊರಹಾಕಿತು. ಸರ್ವಸದಸ್ಯರ ಸಭೆಯೂ ಅದನ್ನು ಎತ್ತಿಹಿಡಿಯಿತು. ಅವರಿಗೆ ಮತ್ತೆ ಬಾಗಿಲು ತೆರೆದದ್ದು 1978ರಲ್ಲಿ, ಅರಿಸ್ಮೆಂಡಿ ತೀರಿಕೊಂಡು ಎರಡು ವರ್ಷದ ಮೇಲೆ. ಒಂದೇ ಕಾರ್ಖಾನೆಯಲ್ಲಿ ಮೂರೂವರೆ ಸಾವಿರ ಸದಸ್ಯರಾದಾಗ ಒಬ್ಬರಿಗೊಂದು ಮತ ಎಂಬುದು ವರ್ಷಕ್ಕೊಮ್ಮೆ ಕೈ ಎತ್ತುವ ವಿಧಿಯಾಗಿಬಿಡುತ್ತದೆ ಎಂಬ ಪಾಠ ಅಲ್ಲಿ ಸಿಕ್ಕಿತು. ಮಾನವಶಾಸ್ತ್ರಜ್ಞೆ ಶಾರಿನ್ ಕಾಸ್ಮಿರ್ 1996ರ ತಮ್ಮ ಪುಸ್ತಕದಲ್ಲಿ, ಸಹಕಾರಿಯ ಕೆಳಹಂತದ ಕೆಲಸಗಾರರನ್ನು ಅದೇ ಊರಿನ ಖಾಸಗಿ ಕಾರ್ಖಾನೆಯವರೊಂದಿಗೆ ಹೋಲಿಸಿ, ಸಂಸ್ಥೆ ತಮ್ಮದು ಎಂಬ ಭಾವ ನಾವು ಊಹಿಸುವಷ್ಟು ಅವರಲ್ಲಿಲ್ಲ ಎಂದು ತೋರಿಸಿದರು. ಈ ಟೀಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನನ್ನ ವಾದಕ್ಕೂ ಇದು ಅನ್ವಯಿಸುತ್ತದೆ: ಗೋಷ್ಠಿಗಳಲ್ಲಿ ಕೂತು ಬೆಳೆದ ಮೊದಲ ತಲೆಮಾರಿನ ಒಡೆತನದ ಭಾವ, ಕೆಲಸ ಹುಡುಕಿಕೊಂಡು ಬಂದ ಮೂರನೆಯ ತಲೆಮಾರಿಗೆ ಖಾತೆಯ ಹಣದ ಜತೆಗೆ ತಾನಾಗಿ ವರ್ಗವಾಗುವುದಿಲ್ಲ.

1976ರ ನವೆಂಬರ್ 29ರಂದು ಅರಿಸ್ಮೆಂಡಿ ನಿಧನರಾದರು. ಅವರ ಕೆಲಸಕ್ಕೆ ಅತಿ ಕಠಿಣ ಪರೀಕ್ಷೆ ಬಂದದ್ದು 2013ರಲ್ಲಿ, ಉಲ್ಗೋರ್‌ನ ವಾರಸುದಾರ ಸಂಸ್ಥೆ ಫಾಗೋರ್ ಎಲೆಕ್ಟ್ರೊದೊಮೆಸ್ತಿಕೋಸ್ ದಿವಾಳಿಯಾದಾಗ. 2008ರ ನಂತರ ಸ್ಪೇನಿನಲ್ಲಿ ಮನೆ ಕಟ್ಟುವುದೇ ನಿಂತು ಮನೆ ಸಾಮಾನಿಗೆ ಗಿರಾಕಿ ಇಲ್ಲವಾಗಿತ್ತು. 2005ರಲ್ಲಿ ಫ್ರಾನ್ಸಿನ ಬ್ರಾಂಟ್ ಕಂಪನಿಯನ್ನು ಕೊಂಡ ಸಾಲದ ಹೊರೆ ಮೇಲಿತ್ತು. ಹಲವು ದೇಶಗಳಲ್ಲಿ ಸೇರಿ ಸುಮಾರು 5,600 ಜನರ ಕೆಲಸಕ್ಕೆ ಕುತ್ತು ಬಂತು. ಅವರಲ್ಲಿ ಬಾಸ್ಕ್ ಸೀಮೆಯ ಸಹಕಾರಿ ಸದಸ್ಯರು ಸುಮಾರು 1,900. ಆ ಸದಸ್ಯರಲ್ಲಿ ಬಹುಪಾಲು ಜನರಿಗೆ ಬೇರೆ ಸಹಕಾರಿಗಳಲ್ಲಿ ಕೆಲಸ ಸಿಕ್ಕಿತು, ಇಲ್ಲವೇ ಮುಂಚಿತ ನಿವೃತ್ತಿ ಸಿಕ್ಕಿತು. ಸರ್ಕಾರ ಹೊರಗಿಟ್ಟ ಕಾರಣಕ್ಕೆ ಅರ್ಧ ಶತಮಾನದ ಹಿಂದೆ ಹುಟ್ಟಿದ ಲಗುನ್ ಆರೊ ಇಲ್ಲಿ ಕೈಹಿಡಿಯಿತು. ಪೋಲೆಂಡ್ ಮತ್ತು ಫ್ರಾನ್ಸಿನ ಅಂಗಸಂಸ್ಥೆಗಳಲ್ಲಿ ದುಡಿಯುತ್ತಿದ್ದವರಿಗೆ ಆ ರಕ್ಷಣೆ ಇರಲಿಲ್ಲ. ಅವರು ಸದಸ್ಯರೇ ಆಗಿರಲಿಲ್ಲ, ಸಂಬಳದ ನೌಕರರಾಗಿದ್ದರು. ನಿವೃತ್ತರಾದ ಮೇಲೂ ತಮ್ಮ ಉಳಿತಾಯವನ್ನು ಸಂಸ್ಥೆಗೇ ಸಾಲವಾಗಿ ಬಿಟ್ಟಿದ್ದ ಹಳೆಯ ಸದಸ್ಯರು ಆ ಹಣ ಕಳೆದುಕೊಂಡು ಮೊಂಡ್ರಾಗೋನ್‌ನ ಬೀದಿಯಲ್ಲಿ ಪ್ರತಿಭಟನೆಗೆ ನಿಂತರು. 1943ರಲ್ಲಿ ಚೀಟಿ ಹಾಕಿದವರ ಪಟ್ಟಿ ಒಂದೇ ಊರಿನದಾಗಿತ್ತು. ಖಂಡಾಂತರದ ಕಾರ್ಖಾನೆಗಳಿಗೆ ಅಂಥ ಪಟ್ಟಿಯನ್ನು ಹೇಗೆ ಹಿಗ್ಗಿಸಬೇಕು ಎಂಬ ಪ್ರಶ್ನೆಯನ್ನು ಅಲ್ಲಿನ ಸಹಕಾರಿಗಳು 2013ಕ್ಕಿಂತ ಮುಂಚೆಯೂ ಚರ್ಚಿಸಿದ್ದವು, ಈಗಲೂ ಚರ್ಚಿಸುತ್ತಿವೆ.